ಧೂಳು, ಸಡಿಲ ಸಂಪರ್ಕ ಮತ್ತು ಗಣಕಯಂತ್ರ



ನಾವಿಂದು ಸೇರಿರುವ ಪಾಯಾ ಲೆಬಾರ್ ಎಂಬ ಹೆಸರಿಗೆ ಮಲಯ ಭಾಷೆಯಲ್ಲಿ ವಿಶಾಲವಾದ ಜೌಗುನೆಲವೆಂದು ಅರ್ಥ. ಜೌಗು ಎಂದೋ ಬತ್ತಿತು; ತೇವ ಮಾತ್ರ ಗಾಳಿಯಲ್ಲಿ ಉಳಿದಿದೆ. ತೇವವನ್ನು ಹೀರಿದ ಧೂಳು ವಿದ್ಯುತ್ತಿಗೆ ಕಳ್ಳದಾರಿಯಾಗುತ್ತದೆ, ಲೋಹಕ್ಕೆ ಕಿಲುಬು ಹಿಡಿಸುತ್ತದೆ. ಆದ್ದರಿಂದ ಧೂಳು ಮತ್ತು ಸಡಿಲ ಸಂಪರ್ಕ ಎಂಬ ಗಣಕಯಂತ್ರದ ಎರಡು ಹಳೆಯ ವೈರಿಗಳ ಚರಿತ್ರೆಯನ್ನು ಇಲ್ಲಿ ನೆನೆಯುವುದು ಉಚಿತವೆಂದು ಭಾವಿಸುತ್ತೇವೆ.

1947ರ ಸೆಪ್ಟೆಂಬರ್ 9ರಂದು ಹಾರ್ವರ್ಡ್ ಮಾರ್ಕ್-2 ಯಂತ್ರದ ರಿಲೇಯೊಂದರಲ್ಲಿ ಪತಂಗವೊಂದು ಸಿಕ್ಕಿಬಿದ್ದಿತ್ತು. ಅದನ್ನು ಹೊರತೆಗೆದು ದಿನಚರಿ ಪುಸ್ತಕಕ್ಕೆ ಅಂಟಿಸಿದರು. ದೋಷವನ್ನು 'ಬಗ್' ಎನ್ನುವ ರೂಢಿ ಎಡಿಸನ್ನನ ಕಾಲದಿಂದಲೂ ಇತ್ತು. ಅಂದು ನಿಜವಾದ ಹುಳುವೇ ದೊರೆಯಿತು.

ಧೂಳಿನೊಡನೆ ಘೋರವಾದ ಕಾಳಗ ನಡೆದದ್ದು ಹಾರ್ಡ್ ಡಿಸ್ಕಿನಲ್ಲಿ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕಿನಲ್ಲಿ ಓದುವ ತಲೆಯು ತಟ್ಟೆಯಿಂದ ಸುಮಾರು 20 ಮೈಕ್ರಾನ್ ಮೇಲೆ ತೇಲುತ್ತಿತ್ತು. 1973ರ 'ವಿಂಚೆಸ್ಟರ್' ಮಾದರಿಯಲ್ಲಿ ಆ ಅಂತರ ಅರ್ಧ ಮೈಕ್ರಾನಿಗೂ ಕಡಿಮೆಯಾಯಿತು. ಅಲ್ಲಿ ಧೂಳಿನ ಕಣವೇ ಬಂಡೆ! ಆದ್ದರಿಂದ ತಲೆ, ತಟ್ಟೆಗಳೆರಡನ್ನೂ ಒಂದೇ ಸಂಪುಟದಲ್ಲಿ ಮುಚ್ಚಿದರು. 1982ರಲ್ಲಿ ಸೀಗೇಟ್ ಸಂಸ್ಥೆ ಸಿಂಗಪುರಕ್ಕೆ ಬಂದಿತು. ಆ ದಶಕದ ಕೊನೆಗೆ ಹಾರ್ಡ್ ಡಿಸ್ಕ್ ತಯಾರಿಕೆಯಲ್ಲಿ ಈ ಪುಟ್ಟ ದ್ವೀಪ ಜಗತ್ತಿಗೇ ಮುಂದಾಗಿತ್ತು. ಟೋಪಿ, ನಿಲುವಂಗಿ ತೊಟ್ಟು, ಸೋಸಿದ ಗಾಳಿಯ ಕೋಣೆಯಲ್ಲಿ ದುಡಿಯುವ ಕಾರ್ಮಿಕರ ಶಿಸ್ತು ವೈದ್ಯರಾದ ನಮಗೆ ಅಪರಿಚಿತವಲ್ಲ. ಅದು ಶಸ್ತ್ರಚಿಕಿತ್ಸಾಲಯದ ಶಿಸ್ತೇ.

ಎರಡನೆಯ ವೈರಿ ಸದ್ದಿಲ್ಲದ್ದು. ಯಂತ್ರ ಕಾಯುವಾಗ ಹಿಗ್ಗಿ, ಆರುವಾಗ ಕುಗ್ಗಿ, ಚಿಪ್ಪುಗಳು ತಮ್ಮ ಕುಳಿಗಳಿಂದ ಕೂದಲೆಳೆಯಷ್ಟೇ ಮೇಲೇಳುತ್ತವೆ. 1980ರ ಆಪಲ್-3 ಯಂತ್ರದಲ್ಲಿ ಈ ತೊಂದರೆ ಎಷ್ಟಿತ್ತೆಂದರೆ, ಯಂತ್ರವನ್ನು ಕೆಲವು ಅಂಗುಲ ಎತ್ತಿ ಮೇಜಿನ ಮೇಲೆ ಬೀಳಿಸುವಂತೆ ತಯಾರಕರೇ ಸಲಹೆಯಿತ್ತರು! ಮುಂದೆ ಚಿಪ್ಪುಗಳನ್ನು ಹಲಗೆಗೇ ಬೆಸೆಯುವುದು, ಸಂಪರ್ಕಗಳಿಗೆ ಕಿಲುಬು ಹಿಡಿಯದ ಚಿನ್ನದ ಲೇಪ ಕೊಡುವುದು ವ್ಯಾಪಕವಾಯಿತು.

ಈ ಚರಿತ್ರೆಯಿಂದ ನಾವು ಕಲಿಯಬೇಕಾದುದು ಇಷ್ಟು: ನಾಡಿ ನೋಡದೆ ಮರಣವನ್ನು ಘೋಷಿಸಬಾರದು. ಮೇಜಿನ ಮೇಲಿನ ಗಣಕಯಂತ್ರ ಸ್ತಬ್ಧವಾದರೆ ಮೊದಲು ವಿದ್ಯುತ್ ತಂತಿಯನ್ನು ಕಳಚಿ, ಧೂಳು ತೆಗೆದು, ಸ್ಮೃತಿಫಲಕವನ್ನೂ ತಂತಿಗಳನ್ನೂ ತೆಗೆದು ಮತ್ತೆ ಭದ್ರವಾಗಿ ಕೂರಿಸಿ ನೋಡೋಣ. ಹಾರ್ಡ್ ಡಿಸ್ಕಿನ ಸಂಪುಟವನ್ನು ಮಾತ್ರ ಮನೆಯಲ್ಲಿ ಎಂದಿಗೂ ತೆರೆಯಲಾಗದು. ಊರಿನಲ್ಲಿ ಅಗಲಿದ ತಂದೆತಾಯಿಯರ ಭಾವಚಿತ್ರ, ಅಜ್ಜಿಯ ಧ್ವನಿ ಅದೊಂದರಲ್ಲೇ ಇದ್ದರೆ, ಇಂದೇ ಅವುಗಳ ಮತ್ತೊಂದು ಪ್ರತಿಯನ್ನು ಬೇರೆಡೆ ಇಡೋಣ. ಯಂತ್ರ ಅಂಗಡಿಯಲ್ಲಿ ಮತ್ತೆ ಸಿಗುತ್ತದೆ; ಆ ಧ್ವನಿ ಸಿಗದು.