ಅಡಕತ್ತರಿಯ ನಡುವಿನ ರಕ್ತನಾಳ

ರೋಗಗಳಿಗೆ ಹೆಸರಿಡುವಾಗ ವೈದ್ಯರೂ ಕವಿಗಳಂತೆ ಉಪಮೆಯ ಮೊರೆಹೋಗುವುದುಂಟು. ಇಕ್ಕಟ್ಟಿನಲ್ಲಿ ಸಿಲುಕಿದವನನ್ನು ನಾವು ಅಡಕತ್ತರಿಯಲ್ಲಿ ಸಿಕ್ಕ ಅಡಕೆಗೆ ಹೋಲಿಸುತ್ತೇವೆ. ಪಶ್ಚಿಮದ ವೈದ್ಯಕೀಯದಲ್ಲಿ ಅಂಥದೇ ಹೋಲಿಕೆಯೊಂದು ವಿರಳ ವ್ಯಾಧಿಯೊಂದರ ಹೆಸರಾಗಿದೆ: 'ನಟ್‌ಕ್ರ್ಯಾಕರ್ ಸಿಂಡ್ರೋಮ್'. ಗಟ್ಟಿಕಾಯಿಯ ಚಿಪ್ಪನ್ನು ಒಡೆಯುವ ಇಕ್ಕಳವೇ ನಟ್‌ಕ್ರ್ಯಾಕರ್. ಆ ಉಪಮೆ ರೋಗನಿರ್ಣಯವಾಗಿ ಬೆಳೆದ ಕಥೆಯನ್ನು ನಿಮ್ಮ ಮುಂದಿಡಬಯಸುತ್ತೇನೆ.

ಎಡ ಮೂತ್ರಪಿಂಡದಿಂದ ಹೊರಟ ಅಭಿಧಮನಿಯು ದೇಹದ ಬಲಭಾಗದ ಮಹಾಭಿಧಮನಿಯನ್ನು ಸೇರಲು ಬೆನ್ನುಮೂಳೆಯ ಮುಂದೆ ಹಾದುಹೋಗಬೇಕು. ಅಲ್ಲಿ ಅದರ ಹಿಂದೆ ಮಹಾಪಧಮನಿ. ಮುಂದೆ, ಆ ಮಹಾಪಧಮನಿಯಿಂದಲೇ ಕವಲೊಡೆದು ಕರುಳಿಗೆ ರಕ್ತವೊಯ್ಯುವ ಅಪಧಮನಿ. ಇವೆರಡರ ನಡುವಣ ಕೋನ ತೀರ ಕಿರಿದಾದರೆ ತೆಳುಗೋಡೆಯ ಅಭಿಧಮನಿ ಅಮುಕಿಹೋಗುತ್ತದೆ. ರಕ್ತ ಹಿಂದಕ್ಕೆ ಒತ್ತಿ, ಮೂತ್ರಪಿಂಡದೊಳಗಿನ ನವಿರಾದ ಸಿರೆಗಳು ಬಿರಿಯುತ್ತವೆ. ಮೂತ್ರದಲ್ಲಿ ರಕ್ತ, ಎಡಪಕ್ಕೆಯಲ್ಲಿ ನೋವು ಇದರ ಮುಖ್ಯ ಲಕ್ಷಣಗಳು. ಕೃಶಕಾಯದವರಲ್ಲಿ ಇದು ಹೆಚ್ಚಾಗಿ ಕಾಣಿಸುತ್ತದೆ.

ಟೊರಾಂಟೊ ವಿಶ್ವವಿದ್ಯಾಲಯದ ಅಂಗರಚನಾಶಾಸ್ತ್ರಜ್ಞ ಜೆ. ಸಿ. ಬಿ. ಗ್ರಾಂಟ್ 1937ರಲ್ಲಿ ಈ ರಕ್ತನಾಳವನ್ನು ಇಕ್ಕಳದ ನಡುವಿನ ಕಾಯಿಗೆ ಹೋಲಿಸಿದರು. ಶವದಲ್ಲಿ ನಾಳಗಳ ನೆಲೆಯನ್ನು ಕಾಣಬಹುದು. ರಕ್ತದ ಹರಿವನ್ನು ಕಾಣಲಾಗದು. ಈ ವ್ಯಾಧಿಯಾದರೋ ಹರಿವಿನದು. 1950ರಲ್ಲಿ ಎಲ್ ಸದ್ರ್ ಮತ್ತು ಮೀನಾ ಎಂಬ ವೈದ್ಯರು ಜೀವಂತ ರೋಗಿಯಲ್ಲಿ ಇಂಥ ಒತ್ತಡವನ್ನು ವರದಿ ಮಾಡಿದರು. 1972ರಲ್ಲಿ ಬೆಲ್ಜಿಯಂನ ಡಿ ಶೆಪ್ಪರ್ ಅವರ ಲೇಖನದಿಂದ ಇಕ್ಕಳದ ಹೆಸರು ವೈದ್ಯರ ಬಳಕೆಯಲ್ಲಿ ನೆಲೆಗೊಂಡಿತು.

ಹರಿವನ್ನು ಕಾಣುವ ದಾರಿ ಬೇರೆಡೆ ಸಿದ್ಧವಾಗುತ್ತಿತ್ತು. 1929ರಲ್ಲಿ ಜರ್ಮನಿಯ ತರುಣ ವೈದ್ಯ ವರ್ನರ್ ಫೋರ್ಸ್‌ಮನ್ ತನ್ನ ತೋಳಿನ ಅಭಿಧಮನಿಯಿಂದ ಹೃದಯದವರೆಗೆ ನಳಿಕೆಯೊಂದನ್ನು ತೂರಿಸಿಕೊಂಡು, ಕ್ಷ-ಕಿರಣದ ಕೋಣೆಗೆ ನಡೆದುಹೋಗಿ ಚಿತ್ರ ತೆಗೆಸಿಕೊಂಡನು. 1953ರಲ್ಲಿ ಸ್ವೀಡನ್ನಿನ ಸೆಲ್ಡಿಂಗರ್ ಸೂಜಿ ಮತ್ತು ತಂತಿಯ ನೆರವಿನಿಂದ ನಳಿಕೆ ತೂರಿಸುವ ಸುಲಭ ವಿಧಾನವನ್ನು ಪ್ರಕಟಿಸಿದನು. ಆಮೇಲೆ ಮೂತ್ರಪಿಂಡದ ಅಭಿಧಮನಿಗೂ ನಳಿಕೆ ಇಳಿಯಿತು. ಬಣ್ಣದ್ರವ ಸುರಿದು ಚಿತ್ರ ತೆಗೆಯುವುದೂ, ಇಕ್ಕಟ್ಟಿನ ಆಚೀಚೆಯ ಒತ್ತಡವನ್ನು ಅಳೆಯುವುದೂ ಸಾಧ್ಯವಾಯಿತು. ಸಾಮಾನ್ಯವಾಗಿ ಆ ವ್ಯತ್ಯಾಸ ಪಾದರಸದ 1 ಮಿಲಿಮೀಟರಿನಷ್ಟು. 3 ಅಥವಾ ಅದಕ್ಕಿಂತ ಹೆಚ್ಚಾದರೆ ಸಂಶಯ ಬಲವಾಗುತ್ತದೆ.

1971ರಲ್ಲಿ ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡರ ಸಿ. ಟಿ. ಯಂತ್ರ ಮೊದಲ ರೋಗಿಯ ಮಿದುಳನ್ನು ಚಿತ್ರಿಸಿತು. ಅದರ ಸಂತತಿಯ ಯಂತ್ರಗಳು ಇಂದು ಹೊಟ್ಟೆಯೊಳಗಿನ ಆ ಕೋನವನ್ನೇ ಅಳೆಯುತ್ತವೆ. ಆಸ್ಟ್ರಿಯಾದ ಡಾಪ್ಲರ್ 1842ರಲ್ಲಿ ನಕ್ಷತ್ರಗಳ ಬೆಳಕನ್ನು ಕುರಿತು ಮಂಡಿಸಿದ ತತ್ತ್ವ ಇಂದು ಅಲ್ಟ್ರಾಸೌಂಡಿನಲ್ಲಿ ರಕ್ತದ ವೇಗವನ್ನು ತಿಳಿಸುತ್ತದೆ. ತೂಬು ಕಿರಿದಾದಷ್ಟೂ ನೀರು ರಭಸದಿಂದ ನುಗ್ಗುವಂತೆ, ಅಮುಕಿದೆಡೆಯಲ್ಲಿ ರಕ್ತದ ವೇಗ ಐದು ಮಡಿಯನ್ನೂ ಮೀರಬಹುದು.

ಇಷ್ಟೆಲ್ಲ ಕಣ್ಣುಗಳು ದೊರೆತ ಮೇಲೆ ನಿರ್ಣಯ ಸುಲಭವಾಯಿತೆ? ಈ ಇತಿಹಾಸದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ಇಲ್ಲಿನ ತೊಡಕು. ಯಾವ ಬಾಧೆಯೂ ಇಲ್ಲದ ಆರೋಗ್ಯವಂತರಲ್ಲೂ ಇದೇ ಇಕ್ಕಟ್ಟು ಚಿತ್ರದಲ್ಲಿ ಕಾಣಬರುತ್ತದೆ. ಆದ್ದರಿಂದಲೇ ತಜ್ಞರು ಅಂಗರಚನೆಯ ಇಕ್ಕಟ್ಟನ್ನು ಬೇರೆಯಾಗಿಯೂ, ಲಕ್ಷಣಗಳೊಡಗೂಡಿದ ವ್ಯಾಧಿಯನ್ನು ಬೇರೆಯಾಗಿಯೂ ಎಣಿಸುತ್ತಾರೆ. ಚಿತ್ರವನ್ನಷ್ಟೇ ನಂಬಿದರೆ ಬೇಡದವರಿಗೆ ಶಸ್ತ್ರಕ್ರಿಯೆಯಾದೀತು. ಅಭಿಧಮನಿಯನ್ನು ಕತ್ತರಿಸಿ ಕೆಳಗಿನೆಡೆಗೆ ಜೋಡಿಸುವುದು ಸಣ್ಣ ಕೆಲಸವಲ್ಲ; ಒಳಗಿಟ್ಟ ಸ್ಟೆಂಟ್ ಸ್ಥಾನ ತಪ್ಪಿ ಹೃದಯದತ್ತ ಸರಿದ ಪ್ರಸಂಗಗಳೂ ಉಂಟು. ಎಳೆಯರಲ್ಲಿಯಂತೂ ದೇಹ ಬೆಳೆದು ತೂಕ ಕೂಡಿದಂತೆ ಬಾಧೆ ತಾನಾಗಿಯೇ ಶಮನವಾಗುವುದುಂಟು.

ಚಿತ್ರವನ್ನು ಕಡೆಗಣಿಸಿದರೂ ಕೇಡೇ. ಕಲ್ಲಿಲ್ಲ, ಸೋಂಕಿಲ್ಲ, ಗಡ್ಡೆಯಿಲ್ಲ ಎಂದು ಒಂದೊಂದೇ ಪರೀಕ್ಷೆ ಹೇಳುತ್ತಿರುವಾಗ, ಮೂತ್ರದಲ್ಲಿ ರಕ್ತ ಕಾಣುತ್ತಲೇ ಇರುವ ರೋಗಿಯ ಮನಸ್ಸನ್ನು ಊಹಿಸಿಕೊಳ್ಳಿ. 'ನಿಮಗೇನೂ ಆಗಿಲ್ಲ' ಎಂಬ ಮಾತು ಅಂಥವರಿಗೆ ಸಮಾಧಾನ ತರುವುದಿಲ್ಲ. ನಾಳ ಅಮುಕಿರುವುದನ್ನು ಯಂತ್ರ ತೋರಿಸಬಲ್ಲದು. ಆ ನೋವಿಗೆ ಅದೇ ಕಾರಣವೇ ಎಂಬುದನ್ನು ಅರಿಯಲು ವೈದ್ಯನು ಇಂದಿಗೂ ರೋಗಿಯ ಪಕ್ಕದಲ್ಲಿ ಕುಳಿತು, ಆತನ ಮಾತನ್ನು ಕೇಳಬೇಕಾಗಿದೆ.