ಗಣತಿಯ ಹಾಳೆಯೂ ಗಡಿನಾಡಿನ ಉಪಾಧ್ಯಾಯರೂ

ಮನೆಮನೆಗೆ ಹೋಗಿ ಜನರನ್ನು ಎಣಿಸುವ ಕಾರ್ಯವು ಉಪಾಧ್ಯಾಯರಿಗೆ ಹೊಸತಲ್ಲ. ನಮ್ಮ ದೇಶದ ಮೊದಲ ಏಕಕಾಲಿಕ ಜನಗಣತಿ 1881ರ ಫೆಬ್ರವರಿ 17ರಂದು ನಡೆಯಿತು. 1931ರ ವರೆಗೂ ಗೊತ್ತುಪಡಿಸಿದ ಒಂದು ರಾತ್ರಿಯ ಎಣಿಕೆಯೇ ಪ್ರಮಾಣವಾಗಿದ್ದಿತು. ಮುಂಚಿತವಾಗಿ ಮನೆಗಳಿಗೆ ಸಂಖ್ಯೆ ಹಾಕಿ, ಪಟ್ಟಿ ಬರೆದಿಟ್ಟು, ಆ ರಾತ್ರಿ ದೀಪ ಹಿಡಿದು ಹೋಗಿ, ಹುಟ್ಟಿದವರನ್ನು ಸೇರಿಸಿ, ಸತ್ತವರ ಹೆಸರನ್ನು ಹೊಡೆದುಹಾಕುತ್ತಿದ್ದರು. ಈ ಹೊಣೆಯನ್ನು ಹೊತ್ತವರಲ್ಲಿ ಊರ ಶಾನುಭೋಗರೊಡನೆ ಶಾಲೆಯ ಮಾಸ್ತರರೂ ಇದ್ದರು. 1941ರಿಂದ ಒಂದು ರಾತ್ರಿಯ ಪದ್ಧತಿ ನಿಂತುಹೋಯಿತು.

ಗಡಿನಾಡಿನವರಾದ ನಮಗೆ ಈ ಹಾಳೆಯಲ್ಲಿ ಮುಖ್ಯವಾದುದು ಭಾಷೆಯ ಅಂಕಣ. ಇದರ ಪ್ರಶ್ನೆಯೂ ಕಾಲಕಾಲಕ್ಕೆ ಬದಲಾಗಿದೆ. 1881ರಲ್ಲಿ ಕೇಳಿದ್ದು ಮಾತೃಭಾಷೆ. 1901ರಲ್ಲಿ ಸಾಮಾನ್ಯವಾಗಿ ಬಳಸುವ ಭಾಷೆ. 1931ರಲ್ಲಿ ಮಾತೃಭಾಷೆಯೊಡನೆ ಬಳಕೆಯಲ್ಲಿರುವ ಬೇರೆ ಭಾಷೆ. ಆದುದರಿಂದ ಒಂದು ದಶಕದ ಅಂಕಿಯನ್ನು ಇನ್ನೊಂದರ ಪಕ್ಕದಲ್ಲಿಡುವ ಮುನ್ನ ಪ್ರಶ್ನೆ ಯಾವುದಾಗಿತ್ತೆಂದು ನೋಡಬೇಕು. ಇಂಥ ಅಂಕಿಗಳೇ ಗಡಿಯ ವಾದಗಳಿಗೆ ಆಧಾರವಾದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂಬ 1967ರ ಮಹಾಜನ ಆಯೋಗದ ಶಿಫಾರಸು ಜಾರಿಗೆ ಬರಲಿಲ್ಲ.

2011ರ ಫೆಬ್ರವರಿಯಲ್ಲಿ ನಾವೂ ತಾತ್ಕಾಲಿಕ ಗಣತಿದಾರರಾಗಿ ಈ ಸೀಮೆಯಲ್ಲಿ ತಿರುಗಿದೆವು. ಒಂದು ಮನೆಯಲ್ಲಿ ಅಡಿಕೆ ಒಣಹಾಕಿದ ಅಂಗಳ ದಾಟಿ ಜಗಲಿಯಲ್ಲಿ ಕುಳಿತಾಗ ಬೆಲ್ಲ ನೀರು ಬಂದಿತು. ಯಜಮಾನರ ತಾಯಿ ಗಂಡನ ಹೆಸರು ಹೇಳಲೊಲ್ಲದೆ ಮಗನ ಕಡೆ ನೋಡಿದರು. ರೂಢಿಯಿಂದ ನಿಷಿದ್ಧವಾದ ಆ ಹೆಸರನ್ನು ಹೆಂಗಸರು ಹೇಳಬೇಕಾಗಿಲ್ಲವೆಂದು 1948ರ ಜನಗಣತಿ ಕಾಯಿದೆಯೇ ಬಿಟ್ಟುಕೊಟ್ಟಿದೆ. ಮಗನೇ ಹೇಳಿದರು.

ಭಾಷೆಯ ಪ್ರಶ್ನೆಗೆ ಬಂದಾಗ ಯಜಮಾನರು, "ಮಾಷ್ಟ್ರೇ, ಕನ್ನಡ ಅಂತಲೇ ಬರೆಯಿರಿ. ಮಕ್ಕಳು ನಿಮ್ಮ ಶಾಲೆಗೇ ಅಲ್ವಾ ಬರುವುದು?" ಎಂದರು. ನಮ್ಮ ಕೈ ತಡೆಯಿತು. ಕನ್ನಡ ಶಾಲೆಯ ಮಾಸ್ತರರಾದ ನಮಗೆ ಆ ಮಾತು ಹಿತವಾಗಿಯೇ ಇದ್ದಿತು. ಆದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆಯೇ ಮಾತೃಭಾಷೆಯೆಂದು ನಮಗಿತ್ತ ಸೂಚನೆ. "ಅಮ್ಮಾ, ನಿಮ್ಮ ತಾಯಿ ನಿಮ್ಮೊಡನೆ ಯಾವ ಭಾಷೆ ಆಡುತ್ತಿದ್ದರು?" ಎಂದು ಕೇಳಿದೆವು. "ತುಳು" ಎಂದರು. ಮಗನೂ ತಲೆಯಾಡಿಸಿದರು. ಮಾತೃಭಾಷೆ ತುಳುವೆಂದೂ, ತಿಳಿದಿರುವ ಬೇರೆ ಭಾಷೆಗಳು ಕನ್ನಡ, ಮಲಯಾಳವೆಂದೂ ಬರೆದೆವು.

ಆಗ ನಮ್ಮ ತಪ್ಪು ನಮಗೆ ತಿಳಿಯಿತು. ಮೊದಲ ಎರಡು ದಿನ ಅವಸರದಲ್ಲಿ ಕೆಲವು ಮನೆಗಳಲ್ಲಿ ಈ ಎರಡನೆಯ ಪ್ರಶ್ನೆಯನ್ನು ಕೇಳದೆ ಬಂದಿದ್ದೆವು. ತುಳು, ಕೊಂಕಣಿ, ಮರಾಠಿ ಮನೆಮಾತಿನವರು ಕನ್ನಡದಲ್ಲಿ ಓದುವ ಈ ಸೀಮೆಯಲ್ಲಿ ಕನ್ನಡದ ನೆಲೆ ಅರ್ಧಕ್ಕರ್ಧ ಆ ಅಂಕಣದಲ್ಲಿದೆ. ಮಾರ್ಚ್ 1ರಿಂದ 5ರ ವರೆಗಿನ ಮರುಭೇಟಿಯಲ್ಲಿ ಆ ಮನೆಗಳ ಬಾಗಿಲನ್ನು ಮತ್ತೆ ತಟ್ಟಿ ಅದನ್ನು ತುಂಬಿದೆವು.

2021ರ ಗಣತಿ ಮುಂದೂಡಲ್ಪಟ್ಟು, 2027ರ ಮಾರ್ಚ್ 1ನ್ನು ಆಧಾರದಿನವಾಗಿ 2025ರಲ್ಲಿ ಗೊತ್ತುಮಾಡಲಾಯಿತು. ಆ ಕೆಲಸಕ್ಕೆ ಹೋಗುವ ಕಿರಿಯ ಉಪಾಧ್ಯಾಯರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಮಾತೃಭಾಷೆಯನ್ನು ಹೇಳಿದಂತೆ ಬರೆಯಿರಿ, ಬಲ್ಲ ಬೇರೆ ಭಾಷೆಗಳನ್ನು ಕೇಳದೆ ಜಗಲಿಯಿಂದ ಏಳಬೇಡಿರಿ.