ಸಾಕು ಇಲಿಮರಿಯ ಕಡಿತ

ಮನೆಯಲ್ಲಿ ಸಾಕುವ ಇಲಿಮರಿ, ತಾಯಿಯಿಂದ ಬೇರ್ಪಟ್ಟ ಮೇಲಿನ ಮೊದಲ ಕೆಲವು ತಿಂಗಳಲ್ಲಿ ಸಾಕಿದವರ ಕೈ ಕಚ್ಚುವ ವರ್ತನೆ. ಭಯ, ಆಹಾರವೆಂಬ ತಪ್ಪು ತಿಳಿವಳಿಕೆ, ಆಟದ ಹುರುಪು ಇದರ ಮುಖ್ಯ ಕಾರಣಗಳು. ಕಾರಣವರಿತು ನಡೆದುಕೊಂಡರೆ ಬಹುಪಾಲು ಮರಿಗಳು ಕಚ್ಚುವುದನ್ನು ಬಿಡುತ್ತವೆ.

ಸಾಕು ಇಲಿ ರ‍್ಯಾಟಸ್ ನಾರ್ವೆಜಿಕಸ್ ಎಂಬ ಕಂದು ಇಲಿಯ ಪಳಗಿದ ರೂಪ. ವಿಕ್ಟೋರಿಯಾ ರಾಣಿಯ ಕಾಲದ ಲಂಡನ್ನಿನಲ್ಲಿ ಇಲಿ ಹಿಡಿಯುವ ಕಸುಬಿನ ಜ್ಯಾಕ್ ಬ್ಲ್ಯಾಕ್, ತನ್ನ ಕೈಗೆ ಸಿಕ್ಕ ಅಪರೂಪದ ಬಣ್ಣದ ಇಲಿಗಳನ್ನು ಕೊಲ್ಲದೆ ಸಾಕಿ, ಮರಿಮಾಡಿಸಿ ಮಾರುತ್ತಿದ್ದ. ಕಚ್ಚುವ ಸ್ವಭಾವದಲ್ಲಿ ವಂಶದ ಪಾಲೂ ಇದೆ. 1972ರಲ್ಲಿ ಸೈಬೀರಿಯದ ನೊವೊಸಿಬಿರ್ಸ್ಕ್‌ನಲ್ಲಿ ತಳಿವಿಜ್ಞಾನಿ ದ್ಮಿತ್ರಿ ಬೆಲ್ಯಾಯೆವ್ ಅವರ ತಂಡ ಕಾಡು ಕಂದು ಇಲಿಗಳಿಂದ ಎರಡು ಸಂತತಿಗಳನ್ನು ಬೆಳೆಸತೊಡಗಿತು. ಒಂದರಲ್ಲಿ ಮನುಷ್ಯರ ಕೈಗೆ ಹೊಂದಿಕೊಂಡವನ್ನೇ, ಇನ್ನೊಂದರಲ್ಲಿ ಮೈಮೇಲೆ ಎರಗುವವನ್ನೇ ಆರಿಸಿ ಕೂಡಿಸಿದರು. ತಲೆಮಾರುಗಳು ಕಳೆದಂತೆ ಮೊದಲನೆಯವು ಸೌಮ್ಯವಾದವು, ಎರಡನೆಯವು ಉಗ್ರವಾದವು. ಹೀಗಾಗಿ ಮರಿ ಕಚ್ಚಿದಾಗಲೆಲ್ಲ ಸಾಕಿದವರನ್ನೇ ದೂರುವುದು ನ್ಯಾಯವಲ್ಲ.

ಯಾವ ಬಗೆಯ ಕಡಿತವೆಂದು ಗುರುತಿಸುವುದೇ ಚಿಕಿತ್ಸೆಯ ಅರ್ಧಭಾಗ. ಇಲಿಯ ದೃಷ್ಟಿ ಮಂದ, ಕೆಂಪು ಕಣ್ಣಿನ ಬಿಳಿ ಇಲಿಗಳದು ಇನ್ನೂ ಮಂದ. ಅದು ಲೋಕವನ್ನು ಅರಿಯುವುದು ಮೂಗು, ಮೀಸೆ ಮತ್ತು ಬಾಯಿಯಿಂದ. ಪಂಜರದ ಸರಳಿನ ಸಂದಿಯಿಂದ ತಿಂಡಿ ತೂರಿಸಿ ರೂಢಿ ಮಾಡಿದರೆ, ಅದೇ ಸಂದಿಯಲ್ಲಿ ಬಂದ ಬೆರಳನ್ನೂ ಅದು ತಿಂಡಿಯೆಂದೇ ಹಿಡಿದೆಳೆಯುತ್ತದೆ. ಹಗುರಾಗಿ ಹಲ್ಲು ತಾಗಿಸಿ ಬಿಟ್ಟುಬಿಡುವುದು ಪರೀಕ್ಷೆ ಅಥವಾ ಆಟ. ಮರಿಗಳು ಒಂದರ ಹಿಂಗತ್ತಿಗೆ ಇನ್ನೊಂದು ಮೂತಿಯಿಟ್ಟು ಹೊರಳಾಡುವ ಆಟ ಹುಟ್ಟಿದ ಐದನೆಯ ವಾರದ ಸುಮಾರಿಗೆ ಹೆಚ್ಚಾಗಿರುತ್ತದೆ. ಮೈ ಸೆಟೆದು ಮೂಲೆಗೊತ್ತಿಕೊಂಡು, ಓಡಲು ದಾರಿಯಿಲ್ಲದಾಗ ರಕ್ತ ಬರುವಂತೆ ಕಚ್ಚಿದರೆ ಅದು ಭಯದ ಕಡಿತ. ಮೇಲಿನಿಂದ ಎರಗಿ ಬರುವ ಕೈ ಇಲಿಯ ಪಾಲಿಗೆ ಹದ್ದಿನಂತೆಯೇ.

ಭಯದ ಕಡಿತಕ್ಕೆ ತಾಳ್ಮೆಯೇ ಮದ್ದು. ಪಂಜರದೊಳಗೆ ಕೈಹಾಕಿ ಮರಿಯನ್ನು ಬೆನ್ನಟ್ಟಿ ಹಿಡಿಯಬಾರದು. ಅದು ಅದರ ಮನೆ, ಬಚ್ಚಿಟ್ಟುಕೊಳ್ಳಲು ಇರುವ ಒಂದೇ ಜಾಗ. ಬಾಗಿಲು ತೆರೆದಿಟ್ಟು ತಾನಾಗಿ ಹೊರಬರಲು ಬಿಡಬೇಕು. ಕೈ ತೊಳೆದು, ಚಮಚದ ತುದಿಗೆ ಮೊಸರು ಹಚ್ಚಿ ಹಿಡಿದರೆ ಮರಿ ಕಚ್ಚದೆ ನೆಕ್ಕುವುದನ್ನು ಕಲಿಯುತ್ತದೆ; ಕೆಲವು ದಿನಗಳಲ್ಲಿ ಚಮಚದ ಜಾಗದಲ್ಲಿ ಅಂಗೈ ಇಡಬಹುದು. ಸಾಕಿದವರು ತೊಟ್ಟ ಹಳೆಯ ಬಟ್ಟೆಯ ತುಂಡನ್ನು ಗೂಡಿನಲ್ಲಿ ಹಾಸಿದರೆ ಮೈವಾಸನೆ ಪರಿಚಿತವಾಗುತ್ತದೆ. ಎತ್ತುವಾಗ ಪಕ್ಕದಿಂದ ಕೈ ತಂದು, ಎರಡೂ ಅಂಗೈಗಳಿಂದ ಹೊಟ್ಟೆಯ ಕೆಳಗೆ ಆಸರೆ ಕೊಡಬೇಕು. ಬಾಲ ಹಿಡಿದು ಎಂದೂ ಎತ್ತಕೂಡದು, ಚರ್ಮವೇ ಸುಲಿದು ಬರಬಹುದು. ಆಟದಲ್ಲಿ ಗಟ್ಟಿಯಾಗಿ ಕಡಿದರೆ ಜೊತೆಯ ಮರಿ ಕೀಚಲು ದನಿ ತೆಗೆಯುತ್ತದೆ. ನಾವೂ ಸಣ್ಣಗೆ ಹಾಗೆಯೇ ಕೂಗಿ ಆಟ ನಿಲ್ಲಿಸಿದರೆ ಅನೇಕ ಮರಿಗಳಿಗೆ ಅರ್ಥವಾಗುತ್ತದೆ. ಮೂಗಿನ ಮೇಲೆ ಹೊಡೆಯುವುದು, ಗದರುವುದು ಕ್ರೌರ್ಯ ಮಾತ್ರವಲ್ಲ, ಕೈಯೆಂದರೆ ಅಪಾಯವೆಂಬ ಅದರ ನಂಬಿಕೆಯನ್ನು ಗಟ್ಟಿಮಾಡುತ್ತದೆ. ಇಲಿ ಗುಂಪುಜೀವಿ, ಒಂಟಿಯಾಗಿ ಬೆಳೆದ ಮರಿಗೆ ಕಡಿತದ ಹದ ಕಲಿಸುವವರೇ ಇರುವುದಿಲ್ಲವಾದ್ದರಿಂದ ಒಂದೇ ಲಿಂಗದ ಎರಡನ್ನಾದರೂ ಒಟ್ಟಿಗೆ ಸಾಕಬೇಕು.

ಸೌಮ್ಯವಾಗಿದ್ದ ಇಲಿ ಇದ್ದಕ್ಕಿದ್ದಂತೆ ಕಚ್ಚತೊಡಗಿದರೆ ನೋವು, ಕಾಯಿಲೆಯನ್ನು ಶಂಕಿಸಬೇಕು. ಕಣ್ಣು ಮೂಗಿನ ಸುತ್ತ ಕೆಂಪು ಸ್ರಾವ ಒಣಗಿದ್ದರೆ ಅದು ಒತ್ತಡದ ಅಥವಾ ಅನಾರೋಗ್ಯದ ಸೂಚನೆ. ಕೆಲವು ತಿಂಗಳು ತುಂಬಿದ ಗಂಡಿನಲ್ಲಿ ಹಾರ್ಮೋನಿನಿಂದಲೂ ಉಗ್ರತೆ ಹೆಚ್ಚಬಹುದು. ಅಂಥವಕ್ಕೆ ವೃಷಣ ತೆಗೆಸುವ ಶಸ್ತ್ರಚಿಕಿತ್ಸೆ ಹಲವು ಬಾರಿ ಫಲಕಾರಿ.

ಕಚ್ಚಿದ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಿಂದ ಚೆನ್ನಾಗಿ ತೊಳೆದು ವೈದ್ಯರಿಗೆ ತೋರಿಸಬೇಕು. ಧನುರ್ವಾಯು ಚುಚ್ಚುಮದ್ದಿನ ಅಗತ್ಯವನ್ನು ಅವರು ನಿರ್ಧರಿಸುತ್ತಾರೆ. ಮುಂದಿನ ವಾರಗಳಲ್ಲಿ ಜ್ವರ, ಕೀಲುನೋವು, ಚರ್ಮದ ಮೇಲೆ ದದ್ದುಗಳು ಕಂಡರೆ ಇಲಿ ಕಚ್ಚಿದ್ದನ್ನು ವೈದ್ಯರಿಗೆ ಮರೆಯದೆ ಹೇಳಬೇಕು. ಸ್ಟ್ರೆಪ್ಟೊಬ್ಯಾಸಿಲಸ್ ಮೊನಿಲಿಫಾರ್ಮಿಸ್ ಅಥವಾ ಸ್ಪಿರಿಲಮ್ ಮೈನಸ್ ಎಂಬ ಬ್ಯಾಕ್ಟೀರಿಯಗಳಿಂದ ಬರುವ ಇಲಿಕಡಿತದ ಜ್ವರ ಅಪರೂಪವಾದರೂ ಗಂಭೀರ, ಪೆನಿಸಿಲಿನ್‌ಗೆ ಬಗ್ಗುವಂಥದು. ನಮ್ಮ ಕರಾವಳಿ, ಮಲೆನಾಡುಗಳಲ್ಲಿ ಮಳೆಗಾಲದಲ್ಲಿ ಕಾಣಿಸುವ ಇಲಿ ಜ್ವರ, ಅಂದರೆ ಲೆಪ್ಟೊಸ್ಪೈರೋಸಿಸ್, ಬೇರೆ ರೋಗ. ಅದು ಹೆಚ್ಚಾಗಿ ಪ್ರಾಣಿಗಳ ಮೂತ್ರ ಬೆರೆತ ನೀರು, ಮಣ್ಣಿನಿಂದ ಹರಡುತ್ತದೆ.